ಯುದ್ಧದ ಸಿನಿಮಾ ಮತ್ತು ಸಿಪಾಯಿಯ ಮನಸ್ಸು: ನಮ್ಮ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಕಡೆ ವಾಚನಾಲಯ ಇಲ್ಲದ ಊರು ಕಮ್ಮಿ, ಅಲ್ಲಿ ಪ್ರೊಜೆಕ್ಟರ್ ಇಟ್ಟು ಸಿನಿಮಾ ತೋರಿಸುದೂ ಹೊಸತೇನಲ್ಲ. ನಮ್ಮಲ್ಲಿ ಯುದ್ಧದ ಸಿನಿಮಾ ಹಾಕಿದ ದಿನ ಮಾತ್ರ ಚರ್ಚೆ ಮುಗಿಯುದೇ ಇಲ್ಲ, ಮನೆಗೆ ಹೋದ ಮೇಲೂ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಬರ್ತಾ ಇರ್ತದೆ, ಕೇಳುದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಹಾಗಾಗಿ ಎಲ್ಲ ಒಂದೇ ಕಡೆ ಬರೆದು ಹಾಕಿದ್ದೇನೆ. ನಾನು ಮಿಲಿಟ್ರಿಯವ ಅಲ್ಲ, ಸಿನಿಮಾ ನೋಡುವವ, ಆ ಲೆಕ್ಕದಲ್ಲೇ ಓದಿ.

ನಿಜವಾದ ಯುದ್ಧ ಸಿನಿಮಾದಲ್ಲಿ ತೋರಿಸಿದ ಹಾಗೆಯೇ ಇರ್ತದಾ?

ಶಬ್ದ, ಧೂಳು, ರಕ್ತ ಇದರ ಮಟ್ಟಿಗೆ ಈಗಿನ ಸಿನಿಮಾಗಳು ತುಂಬ ಹತ್ರ ಬಂದಿವೆ. ಅದಕ್ಕೆ ದೊಡ್ಡ ಕಾರಣ 1998ರಲ್ಲಿ ಬಂದ 'ಸೇವಿಂಗ್ ಪ್ರೈವೇಟ್ ರಯಾನ್'. 1944 ಜೂನ್ 6ಕ್ಕೆ ಅಮೆರಿಕದ ಸಿಪಾಯಿಗಳು ಫ್ರಾನ್ಸಿನ ಒಮಾಹಾ ಕಡಲತೀರದಲ್ಲಿ ದೋಣಿಯಿಂದ ಇಳಿಯುವ ಸೀನ್ ಉಂಟಲ್ಲ, ಅದಕ್ಕೆ ಕ್ಯಾಮೆರಾದ ಷಟರ್ ಆಂಗಲನ್ನು (ಒಂದೊಂದು ಫ್ರೇಮಿಗೆ ಎಷ್ಟು ಹೊತ್ತು ಬೆಳಕು ಬೀಳ್ತದೆ ಅನ್ನುವ ಲೆಕ್ಕ) ಮಾಮೂಲಿ 180 ಡಿಗ್ರಿಯಿಂದ 90ಕ್ಕೆ, 45ಕ್ಕೆ ಇಳಿಸಿದ್ರು. ಹಾಗೆ ಮಾಡಿದ್ರೆ ಓಡುವ ಮನುಷ್ಯ, ಹಾರುವ ಮರಳು ಮಸುಕಾಗದೆ ಚೂಪಾಗಿ ಕಾಣ್ತದೆ, ಎಲ್ಲ ಒಂದು ನಮೂನೆ ತುಂಡು ತುಂಡಾಗಿ ಕುಲುಕಿದ ಹಾಗೆ, ನೋಡುವವನ ಕಣ್ಣಿಗೆ ಪುರುಸೊತ್ತೇ ಕೊಡುದಿಲ್ಲ. ಬಣ್ಣವನ್ನೂ ಅರ್ಧಕ್ಕರ್ಧ ತೆಗೆದುಬಿಟ್ರು. ಆಮೇಲೆ ಬಂದ ಮುಕ್ಕಾಲು ಪಾಲು ಯುದ್ಧದ ಸಿನಿಮಾಗಳು ಇದನ್ನೇ ಕಾಪಿ ಹೊಡೆದದ್ದು, ನಮ್ಮವರು ಸೇರಿ.

ಹತ್ರದಲ್ಲೇ ಬಾಂಬ್ ಬಿದ್ದಾಗ ಎಲ್ಲ ಶಬ್ದ ನಿಂತು ಕಿವಿಯಲ್ಲಿ ಕುಂಯ್ ಅಂತ ಮಾತ್ರ ಕೇಳುದು ಈಗ ಎಲ್ಲ ಸಿನಿಮಾದಲ್ಲೂ ಉಂಟು. ರಯಾನ್‌ಗಿಂತ ಮೊದಲೇ ಅದನ್ನು ಮೈ ನಡುಗುವ ಹಾಗೆ ಮಾಡಿದ್ದು 1985ರ ಸೋವಿಯತ್ ಸಿನಿಮಾ 'ಕಮ್ ಆಂಡ್ ಸೀ'. ಅದರಲ್ಲಿ ಹುಡುಗನ ಕಿವಿ ಹೋದಾಗ ನಮ್ಮ ಕಿವಿಯೂ ಹೋಗ್ತದೆ, ಸುಮಾರು ಹೊತ್ತು ವಾಪಸ್ ಬರುದೇ ಇಲ್ಲ. ಬರೀ ಟ್ರಿಕ್ ಅಂತ ಹೇಳ್ಲಿಕ್ಕೂ ಆಗುದಿಲ್ಲ, ಯಾಕೆಂದ್ರೆ ಗುಂಡಿನ ಮಧ್ಯೆ ಇದ್ದು ಬಂದವರು ಹೇಳುವ ಮಾತುಗಳಲ್ಲಿ ಇದು ಪುನಃ ಪುನಃ ಬರ್ತದೆ: ತನ್ನದೇ ಬಂದೂಕಿನ ಶಬ್ದ ತನಗೆ ಕೇಳುದಿಲ್ಲ, ಎರಡೂ ಬದಿಯ ನೋಟ ಹೋಗಿ ಕೊಳವೆಯಲ್ಲಿ ನೋಡಿದ ಹಾಗೆ ಎದುರಿನದ್ದು ಮಾತ್ರ ಕಾಣ್ತದೆ, ಸಮಯ ಎಳೆದು ಉದ್ದ ಆಗ್ತದೆ, ಬೆರಳು ಸಣ್ಣ ಕೆಲಸ ಮಾಡ್ಲಿಕ್ಕೆ ಒಪ್ಪುದಿಲ್ಲ.

ಸಿನಿಮಾಕ್ಕೆ ಆಗದ ವಿಷಯ ಬೇರೆಯೇ ಉಂಟು. ನಮಗೆ ಎರಡೂವರೆ ಗಂಟೆಯಲ್ಲಿ ಲೈಟ್ ಹಾಕ್ತಾರೆ ಅಂತ ಗೊತ್ತು, ಅಲ್ಲಿದ್ದವನಿಗೆ ಯಾವಾಗ ಮುಗೀತದೆ ಅಂತ ಗೊತ್ತಿಲ್ಲ. ಹಾಗಾಗಿ ಒಂದು ಯುದ್ಧದ ಸಿನಿಮಾ ಒಳ್ಳೇದಾ ಅಂತ ನೋಡ್ಲಿಕ್ಕೆ ನಾನು ಗುಂಡು ಹಾರುವ ಸೀನ್ ನೋಡುದಿಲ್ಲ, ಗುಂಡು ಹಾರುವ ಮೊದಲು ಎಂತ ಮಾಡ್ತಾರೆ, ಎಲ್ಲ ಮುಗಿದು ಊರಿಗೆ ಬಂದ ಮೇಲೆ ಎಂತ ಮಾಡ್ತಾರೆ, ಈ ಎರಡನ್ನು ನೋಡುದು. ಕೆಳಗೆ ಬರೆದದ್ದೆಲ್ಲ ಸುತ್ತಿ ಬಳಸಿ ಅದೇ.

'ಈಗಿನ ಕಾಲದ ಯುದ್ಧ' ಅಂದ್ರೆ ಯಾವಾಗಿನಿಂದ ಲೆಕ್ಕ?

ಗೆರೆ ಎಳೆದು ಹೇಳ್ಲಿಕ್ಕೆ ಆಗುದಿಲ್ಲ. ನಾನು ವಿಯೆಟ್ನಾಮಿನಿಂದ ಈಚೆಗೆ ಅಂತ ಇಟ್ಟುಕೊಳ್ತೇನೆ. ಎದುರಾಳಿ ಯೂನಿಫಾರ್ಮ್ ಹಾಕಿ ಸಾಲಾಗಿ ಬರುದಿಲ್ಲ, ಅಂಗಡಿಯಲ್ಲಿ ಚಾ ಕುಡಿಯುವವನೂ ಆಗಿರ್ಬಹುದು, ರಸ್ತೆ ಬದಿಯ ಕಸದ ರಾಶಿಯೂ ಬಾಂಬ್ ಆಗಿರ್ಬಹುದು. ನಮ್ಮ ದೇಶದ ಮಟ್ಟಿಗೆ 1999ರ ಕಾರ್ಗಿಲ್ ಮತ್ತೆ ಕಾಶ್ಮೀರದ ಉಗ್ರರ ಜತೆಗಿನ ಕಾರ್ಯಾಚರಣೆ, ಅದೇ ಹೆಚ್ಚಾಗಿ ಸಿನಿಮಾ ಆದದ್ದು.

ಜಾರ್‌ಹೆಡ್ ನೋಡಿ ಬೋರ್ ಆಯ್ತು, ಯುದ್ಧವೇ ಇಲ್ಲವಲ್ಲ ಮಾರಾಯ್ರೆ?

ಅತಿ ಹೆಚ್ಚು ಬರುವ ಕಂಪ್ಲೇಂಟ್ ಇದು. 2005ರ 'ಜಾರ್‌ಹೆಡ್' 1990-91ರ ಗಲ್ಫ್ ಯುದ್ಧದ ಕಥೆ, ಹೀರೋ ಟ್ರೈನಿಂಗ್ ಆದ ಸ್ನೈಪರ್, ಮರುಭೂಮಿಯಲ್ಲಿ ಕಾದು ಕಾದು ಕೊನೆಗೆ ಶತ್ರುವಿನ ಮೇಲೆ ಒಂದೇ ಒಂದು ಗುಂಡೂ ಹೊಡೆಯದೆ ಯುದ್ಧವೇ ಮುಗಿದುಹೋಗ್ತದೆ. ಅವನಿಗೆ ಆದ ಬೋರ್ ನಿಮಗೂ ಆಯ್ತು ಅಂದ್ರೆ ಸಿನಿಮಾ ಅದರ ಕೆಲಸ ಮಾಡಿದೆ.

ಕಾಯುದು ಹೇಗೆ ಅಂತ ಇನ್ನೂ ಹತ್ತಿರದಿಂದ ನೋಡ್ಬೇಕಾದ್ರೆ 'ರೆಸ್ಟ್ರೆಪೋ' ನೋಡಿ. 2010ರ ಡಾಕ್ಯುಮೆಂಟರಿ, ಅಫ್ಘಾನಿಸ್ತಾನದ ಕೊರೆಂಗಲ್ ಕಣಿವೆಯಲ್ಲಿ ಅಮೆರಿಕದ ಒಂದು ಪ್ಲಟೂನ್ ಜತೆ ಇಬ್ಬರು ಪತ್ರಕರ್ತರು ಇದ್ದು ಶೂಟ್ ಮಾಡಿದ್ದು. ವಿವರಿಸ್ಲಿಕ್ಕೆ ಹಿನ್ನೆಲೆ ದನಿ ಇಲ್ಲ, ದೊಡ್ಡ ಆಫೀಸರುಗಳ ಇಂಟರ್‌ವ್ಯೂ ಇಲ್ಲ. ಹುಡುಗರು ಗುಂಡಿ ತೋಡ್ತಾರೆ, ಗಿಟಾರ್ ಬಾರಿಸ್ತಾರೆ, ಕುಸ್ತಿ ಆಡ್ತಾರೆ, ಸಡನ್ ಆಗಿ ಗುಂಡು ಬರ್ತದೆ, ಒಬ್ಬ ಸಾಯ್ತಾನೆ, ಪಕ್ಕದವ ಕೂಗಿ ಅಳ್ತಾನೆ, ಆಮೇಲೆ ಪುನಃ ಗುಂಡಿ ತೋಡ್ಲಿಕ್ಕೆ ಉಂಟು. ಮುಗಿಸಿ ಬಂದ ಮೇಲೆ ಕ್ಯಾಮೆರಾ ಎದುರು ಕೂತು ಮಾತಾಡುವಾಗ ಒಬ್ಬೊಬ್ಬನ ಮುಖ ನೋಡ್ಬೇಕು, ನಗ್ತಾ ಇರ್ತಾರೆ ಆದ್ರೆ ಕಣ್ಣು ಬೇರೆ ಕಡೆ ಇರ್ತದೆ. ಇದನ್ನು ಮಾಡಿದವರಲ್ಲಿ ಒಬ್ಬರಾದ ಟಿಮ್ ಹೆದರಿಂಗ್ಟನ್ 2011ರಲ್ಲಿ ಲಿಬಿಯಾದ ಮಿಸ್ರಾತಾದಲ್ಲಿ ವರದಿ ಮಾಡ್ತಾ ಇದ್ದಾಗಲೇ ಸತ್ತುಹೋದ್ರು.

ನಮ್ಮಲ್ಲಿ ಕಾಯುದಕ್ಕೆ ಸಿಯಾಚಿನ್‌ಗಿಂತ ದೊಡ್ಡ ಉದಾಹರಣೆ ಬೇಕಾ? 1984ರಿಂದ ಸೈನ್ಯ ಅಲ್ಲಿ ಉಂಟು, ಗುಂಡಿಗಿಂತ ಹೆಚ್ಚು ಜನ ಹಿಮಕ್ಕೆ, ಚಳಿಗೆ, ಗಾಳಿ ತೆಳು ಆಗುದಕ್ಕೆ ಸತ್ತದ್ದು. 2016 ಫೆಬ್ರವರಿಯಲ್ಲಿ ಹಿಮಪಾತದಲ್ಲಿ ಹತ್ತು ಸಿಪಾಯಿಗಳು ಹೂತುಹೋದದ್ದು, ಆರು ದಿನ ಆದ ಮೇಲೆ ಧಾರವಾಡ ಜಿಲ್ಲೆಯ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ್ ಜೀವಂತ ಸಿಕ್ಕಿದ್ದು, ಫೆಬ್ರವರಿ 11ಕ್ಕೆ ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಹೋದದ್ದು ಎಲ್ಲರಿಗೂ ನೆನಪಿರ್ಬಹುದು, ಆಗ ನಮ್ಮಲ್ಲಿ ಪಾನಿಪೂರಿ ಅಂಗಡಿಯಲ್ಲೂ ಅದೇ ಮಾತು. ಶತ್ರುವೇ ಕಾಣದ ಆ ಕೆಲಸದ ಒಳಗೆ ಮನಸ್ಸಿಗೆ ಎಂತ ಆಗ್ತದೆ ಅಂತ ತಾಳ್ಮೆಯಿಂದ ತೋರಿಸುವ ದೊಡ್ಡ ಸಿನಿಮಾ ನನ್ನ ಕಣ್ಣಿಗೆ ಬಿದ್ದಿಲ್ಲ. ಫೈಟ್ ಇಲ್ಲದಿದ್ರೆ ಪ್ರೊಡ್ಯೂಸರ್ ದುಡ್ಡು ಹಾಕುದಿಲ್ಲ, ಅಷ್ಟೇ.

ನಮ್ಮ ಸಿನಿಮಾದ ಹೀರೋಗೆ ಹೆದರಿಕೆ ಯಾಕೆ ಆಗುದಿಲ್ಲ?

ಎಲ್ಲ ಹಾಗಲ್ಲ. ಚೇತನ್ ಆನಂದ್ ಅವರ 'ಹಕೀಕತ್' 1964ರಲ್ಲೇ ಬಂದದ್ದು, 1962ರಲ್ಲಿ ಲಡಾಖಿನಲ್ಲಿ ಸೋತು ಹಿಂದೆ ಬರುವ ಸಿಪಾಯಿಗಳ ಕಥೆ, ಅದರಲ್ಲಿ ಸುಸ್ತು ಉಂಟು, ಚಳಿ ಉಂಟು, ನಮ್ಮನ್ನು ಯಾರೂ ಕೇಳುವವರಿಲ್ಲ ಅನ್ನುವ ಬೇಜಾರೂ ಉಂಟು. ಸೋಲಿನ ಸಿನಿಮಾದಲ್ಲಿ ಮನುಷ್ಯರು ಕಾಣುದು ಸುಲಭ, ಗೆಲುವಿನದ್ದರಲ್ಲಿ ಬಾವುಟವೇ ಅರ್ಧ ಸ್ಕ್ರೀನ್ ತುಂಬಿರ್ತದೆ.

1997ರ 'ಬಾರ್ಡರ್' ನೋಡಿ. ಲೋಂಗೆವಾಲಾದಲ್ಲಿ 1971 ಡಿಸೆಂಬರಿನ ಆ ಒಂದು ರಾತ್ರಿಯ ಯುದ್ಧ, ಡೈಲಾಗ್ ಪೂರ್ತಿ ಎದೆ ತಟ್ಟುದು. ಆದ್ರೆ ಊರಿನಿಂದ ಬಂದ ಕಾಗದ ಓದುವ ಹಾಡು ಬಂತೋ, ಅಲ್ಲಿಯವರೆಗೆ ಹುಲಿ ಹಾಗೆ ಇದ್ದವರೆಲ್ಲ ಒಮ್ಮೆಲೇ ಯಾರದ್ದೋ ಮಗ, ಯಾರದ್ದೋ ಗಂಡ ಆಗಿಬಿಡ್ತಾರೆ. ನಮ್ಮ ಸಿನಿಮಾದವರ ದಾರಿ ಇದು: ಹೀರೋ ಬಾಯಿ ಬಿಟ್ಟು ಹೆದರಿಕೆ ಆಗ್ತದೆ ಅಂತ ಹೇಳ್ಬಾರ್ದು, ಆದ್ರೆ ಹಾಡಬಹುದು. ಕೆಲವರು ಇದನ್ನು ತಮಾಷೆ ಮಾಡ್ತಾರೆ, ಯುದ್ಧದ ಮಧ್ಯೆ ಹಾಡಾ ಅಂತ. ನನಗೆ ಆ ಹಾಡೇ ಆ ಸಿನಿಮಾದ ಅತಿ ನಿಜವಾದ ಭಾಗ.

2019ರ 'ಉರಿ' ಬಂದ ಮೇಲೆ ಗಾಳಿ ಬದಲಾಯ್ತು. ಟೆಕ್ನಿಕಲಿ ಭಾರೀ ಚಂದ, ನೈಟ್ ವಿಷನ್, ಡ್ರೋನ್, ಎಡಿಟಿಂಗ್ ಎಲ್ಲ ಶಿಸ್ತು, ಆ ಜೋಶ್ ಡೈಲಾಗ್ ಮದುವೆ ಮನೆಯಲ್ಲೂ ಕೇಳಿ ಕೇಳಿ ಸಾಕಾಯ್ತು. ಅದರಲ್ಲಿ ದುಃಖ ಬರ್ತದೆ, ಬಂದ ಕೂಡ್ಲೇ ಸಿಟ್ಟಾಗಿ ತಿರುಗ್ತದೆ, ಸಿಟ್ಟು ಕೂಡ್ಲೇ ಪ್ಲಾನ್ ಆಗ್ತದೆ. ಮನುಷ್ಯನ ಮನಸ್ಸು ಅಷ್ಟು ಪಂಕ್ಚುವಲ್ ಇರುದಿಲ್ಲ.

ಮಲಯಾಳಂ, ಕನ್ನಡದಲ್ಲಿ ಎಂತ ಉಂಟು?

ನಮಗೆ ಎರಡೂ ಮನೆಯದ್ದೇ ಅಲ್ವಾ. ಮಲಯಾಳಂನಲ್ಲಿ ಮೋಹನ್‌ಲಾಲ್ ಅವರ 'ಕೀರ್ತಿಚಕ್ರ' 2006ರದ್ದು, ಡೈರೆಕ್ಟರ್ ಮೇಜರ್ ರವಿ ಸ್ವತಃ ಸೈನ್ಯದಲ್ಲಿ ಇದ್ದವರು. ಕಾಶ್ಮೀರದ ಮನೆಗಳ ಒಳಗೆ ಹುಡುಕಿಕೊಂಡು ಹೋಗುವಾಗಿನ ಆ ಟೆನ್ಷನ್, ಕೈಸನ್ನೆಯಲ್ಲೇ ಮಾತಾಡುದು, ಇದೆಲ್ಲ ಗೊತ್ತಿದ್ದವರ ಕೆಲಸ ಅಂತ ಕಾಣ್ತದೆ. ಅವರದ್ದೇ 'ಕುರುಕ್ಷೇತ್ರ' 2008ರಲ್ಲಿ ಬಂತು, ಕಾರ್ಗಿಲ್ ಕಥೆ, ನನಗೆ ಮೊದಲಿನದ್ದರಷ್ಟು ಹಿಡಿಸ್ಲಿಲ್ಲ, ಭಾಷಣ ಹೆಚ್ಚಾಯ್ತು.

ಕನ್ನಡದಲ್ಲಿ ಹೆಸರು ಹೇಳ್ಬೇಕಾದದ್ದು 1990ರ 'ಮುತ್ತಿನಹಾರ'. ರಾಜೇಂದ್ರಸಿಂಗ್ ಬಾಬು ಡೈರೆಕ್ಷನ್, ವಿಷ್ಣುವರ್ಧನ್, ಸುಹಾಸಿನಿ, ಹಂಸಲೇಖರ ಹಾಡು, ಕೊಡಗಿನ ಸಿಪಾಯಿಯ ಮನೆ ಕಥೆ. ಯುದ್ಧದ ಸೀನ್ ಈಗ ನೋಡಿದ್ರೆ ಹಳತು ಅನ್ನಿಸ್ಬಹುದು. ಆದ್ರೆ ಯುದ್ಧ ಅನ್ನುದು ಗಡಿಯಲ್ಲಿ ನಡೆದು ಅಲ್ಲಿಗೇ ಮುಗಿಯುದಿಲ್ಲ, ಮನೆಯ ಜಗಲಿವರೆಗೆ ಬಂದು ಕೂತುಕೊಳ್ತದೆ ಅಂತ ಆ ಸಿನಿಮಾಕ್ಕೆ ಗೊತ್ತುಂಟು.

ಊರಿಗೆ ಬಂದ ಮೇಲೆ ಸಿಪಾಯಿಗೆ ಆಗುವ ತೊಂದರೆಯನ್ನು ಸಿನಿಮಾ ಸರಿಯಾಗಿ ತೋರಿಸ್ತದಾ?

ಹಾಲಿವುಡ್ ಇದನ್ನು ಶುರುವಿನಲ್ಲೇ ಹಿಡಿದಿತ್ತು. 1946ರಲ್ಲೇ 'ದ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್' ಬಂತು, ಮೂರು ಜನ ಯುದ್ಧ ಮುಗಿಸಿ ಒಂದೇ ಊರಿಗೆ ವಾಪಸ್ ಬರುವ ಕಥೆ, ಅದರಲ್ಲಿ ಎರಡೂ ಕೈ ಕಳಕೊಂಡ ಪಾತ್ರ ಮಾಡಿದ್ದು ನಿಜವಾಗಿಯೂ ಸೈನ್ಯದಲ್ಲಿದ್ದಾಗ ಕೈ ಕಳಕೊಂಡ ಹೆರಾಲ್ಡ್ ರಸೆಲ್. ಅದೇ ಸಮಯಕ್ಕೆ ಜಾನ್ ಹ್ಯೂಸ್ಟನ್ ಮನಸ್ಸು ಮುರಿದ ಸಿಪಾಯಿಗಳ ಆಸ್ಪತ್ರೆಯಲ್ಲಿ ಒಂದು ಡಾಕ್ಯುಮೆಂಟರಿ ಮಾಡಿದ್ರು, ಸೈನ್ಯವೇ ಮಾಡಿಸಿದ್ದು, ಆದ್ರೆ ಆದ ಮೇಲೆ ಸೈನ್ಯವೇ ಅದನ್ನು 1980ರ ದಶಕದವರೆಗೆ ಜನರಿಗೆ ತೋರಿಸ್ಲಿಕ್ಕೆ ಬಿಡ್ಲಿಲ್ಲ. ಯಾಕೆ ಅಂತ ನೀವೇ ಯೋಚಿಸಿ.

ಡಾಕ್ಟರುಗಳ ಕಥೆಯೂ ಹಾಗೆಯೇ. ಯುದ್ಧದಿಂದ ಮನಸ್ಸು ಹೀಗೆ ಮುರಿಯುದಕ್ಕೆ ಒಂದನೇ ಮಹಾಯುದ್ಧದಲ್ಲಿ, 1915ರ ಹೊತ್ತಿಗೆ, ಶೆಲ್ ಶಾಕ್ ಅಂದ್ರು. 1943ರಲ್ಲಿ ಸಿಸಿಲಿಯ ಆಸ್ಪತ್ರೆಯಲ್ಲಿ ಅಮೆರಿಕದ ಜನರಲ್ ಪ್ಯಾಟನ್ ಇಂಥ ಸಿಪಾಯಿಗಳಿಗೆ ಹೇಡಿ ಅಂತ ಬೈದು ಕೆನ್ನೆಗೆ ಹೊಡೆದು ದೊಡ್ಡ ಗಲಾಟೆ ಆಯ್ತು. ಪಿಟಿಎಸ್‌ಡಿ (ದೊಡ್ಡ ಆಘಾತ ಆದ ಮೇಲೆ ಮನಸ್ಸಿನಲ್ಲಿ ಉಳಿಯುವ ಕಾಯಿಲೆ) ಅನ್ನುವ ಹೆಸರಿನಲ್ಲಿ ಇದು ಅಮೆರಿಕದ ಮನೋವೈದ್ಯರ ಕಾಯಿಲೆಯ ಪಟ್ಟಿಗೆ ಸೇರಿದ್ದು 1980ರಲ್ಲಿ, ವಿಯೆಟ್ನಾಮಿನಿಂದ ಬಂದವರು ಗಟ್ಟಿ ಕೂಗಿದ ಮೇಲೆ.

ಈಗಿನ ಸಿನಿಮಾಗಳಲ್ಲಿ 'ದ ಹರ್ಟ್ ಲಾಕರ್' 2008ರದ್ದು, ಕ್ಯಾಥರಿನ್ ಬಿಗೆಲೋ ಡೈರೆಕ್ಷನ್, ಇರಾಕಿನಲ್ಲಿ ಬಾಂಬ್ ನಿಷ್ಕ್ರಿಯ ಮಾಡುವವನ ಕಥೆ, ಬೆಸ್ಟ್ ಪಿಕ್ಚರ್ ಸೇರಿ ಆರು ಆಸ್ಕರ್. ನಮ್ಮಲ್ಲಿ ಜನ ಚರ್ಚೆ ಮಾಡಿದ್ದು ಬಾಂಬ್ ಬಿಚ್ಚುವ ಸೀನ್ ಬಗ್ಗೆ ಅಲ್ಲ. ಅವ ಊರಿಗೆ ಬಂದು ಸೂಪರ್ ಮಾರ್ಕೆಟಿನಲ್ಲಿ ಬೆಳಗ್ಗಿನ ತಿಂಡಿಯ ಸಿರಿಯಲ್ ಡಬ್ಬ ಒಂದು ತೆಗೀಲಿಕ್ಕೆ ಅಂತ ಆ ಉದ್ದದ ಸಾಲಿನ ಎದುರು ನಿಂತುಬಿಡ್ತಾನೆ, ಯಾವುದು ತೆಗೀಬೇಕು ಅಂತ ಗೊತ್ತಾಗುದಿಲ್ಲ. ಸಾವಿನ ಎದುರು ಸೆಕೆಂಡಿನಲ್ಲಿ ತೀರ್ಮಾನ ಮಾಡುವವನಿಗೆ ಅಂಗಡಿಯಲ್ಲಿ ಕೈ ಏಳುದಿಲ್ಲ. ಆಮೇಲೆ ಪುನಃ ಯುದ್ಧಕ್ಕೇ ಹೋಗ್ತಾನೆ, ಅಲ್ಲಿಯೇ ಅವನಿಗೆ ಆರಾಮ. ದೇಶಪ್ರೇಮ ಅಂತಲೂ ಹೇಳುದಿಲ್ಲ, ಹುಚ್ಚು ಅಂತಲೂ ಹೇಳುದಿಲ್ಲ, ನಮ್ಮ ತಲೆಗೇ ಬಿಟ್ಟುಬಿಡ್ತಾರೆ. 2014ರ 'ಅಮೆರಿಕನ್ ಸ್ನೈಪರ್'ನಲ್ಲೂ ಊರಿಗೆ ಬಂದ ಹೀರೋ ಆಫ್ ಆಗಿರುವ ಟಿವಿಯನ್ನು ನೋಡ್ತಾ ಕೂತಿರ್ತಾನೆ, ಅವನ ತಲೆಯೊಳಗಿನ ಗುಂಡಿನ ಶಬ್ದ ನಮಗೆ ಕೇಳ್ತದೆ. ಅಷ್ಟು ಚಂದದ ಸೀನ್ ಆದ ಮೇಲೆ ಸಿನಿಮಾ ಬೇಗ ಬೇಗ ಅವನನ್ನು ಗುಣ ಮಾಡಿಬಿಡ್ತದೆ, ಅದು ನನಗೆ ಒಪ್ಪಿಗೆ ಆಗ್ಲಿಲ್ಲ.

ನೆನಪೇ ಇಲ್ಲದ ಸಿಪಾಯಿಯ ಕಥೆ ಬೇಕಾದ್ರೆ 'ವಾಲ್ಟ್ಸ್ ವಿತ್ ಬಶೀರ್', 2008. ಡೈರೆಕ್ಟರ್ ಆರಿ ಫೋಲ್ಮನ್ ಸ್ವತಃ 1982ರ ಲೆಬನಾನ್ ಯುದ್ಧದಲ್ಲಿ ಇಸ್ರೇಲಿನ ಸಿಪಾಯಿ ಆಗಿದ್ದವರು, ಆ ದಿನಗಳು ಎಂತದ್ದೂ ನೆನಪಿಲ್ಲ ಅಂತ ಹಳೇ ಜತೆಗಾರರ ಹತ್ರ ಒಬ್ಬೊಬ್ಬರಾಗಿ ಹೋಗಿ ಕೇಳ್ತಾರೆ. ಪೂರ್ತಿ ಆನಿಮೇಷನ್. ಕೊನೆಗೆ ಬೈರೂತಿನ ಸಾಬ್ರಾ, ಶತಿಲಾ ಅನ್ನುವ ಪ್ಯಾಲೆಸ್ಟೀನ್ ನಿರಾಶ್ರಿತರ ಶಿಬಿರಗಳ ಹತ್ಯಾಕಾಂಡಕ್ಕೆ ಬಂದಾಗ ಚಿತ್ರ ಬಿಡಿಸಿದ್ದು ನಿಂತು ನಿಜವಾದ ವಿಡಿಯೋ ಬರ್ತದೆ. ಕಾರ್ಟೂನ್ ಅಂತ ಪಾಪ್‌ಕಾರ್ನ್ ಹಿಡ್ಕೊಂಡು ಕೂತವರು ಆಮೇಲೆ ಮಾತೇ ಆಡ್ಲಿಲ್ಲ.

ಇದೆಲ್ಲ ಅಲ್ಲಿಯವರ ವಿಷಯ, ನಮ್ಮ ಸಂಸ್ಕೃತಿಯಲ್ಲಿ ಹಾಗೆಲ್ಲ ಇಲ್ಲ ಅಂತ ಒಬ್ಬರು ಹಿರಿಯರು ವಾದ ಮಾಡಿದ್ರು. ರನ್ನ ಹತ್ತನೇ ಶತಮಾನದವ. ಗದಾಯುದ್ಧದಲ್ಲಿ ದುರ್ಯೋಧನ ಸಂಜಯನ ಒಟ್ಟಿಗೆ ರಣರಂಗದಲ್ಲಿ ಹೆಣಗಳ ಮಧ್ಯೆ ನಡೆದು ಹೋಗ್ತಾನೆ, ದ್ರೋಣನ ಎದುರು ನಿಲ್ತಾನೆ, ಶತ್ರುವಿನ ಮಗ ಅಭಿಮನ್ಯುವಿನ ಎದುರೂ ನಿಲ್ತಾನೆ, ತನ್ನ ಮಗ ಲಕ್ಷಣ, ತಮ್ಮ ದುಶ್ಶಾಸನ, ಕಡೆಗೆ ಕರ್ಣ. ಬದುಕಿ ಉಳಿದವನಿಗೆ ನಾನು ಮಾತ್ರ ಯಾಕೆ ಉಳಿದೆ ಅನ್ನುವ ಸಂಕಟ ಇದಕ್ಕಿಂತ ಚಂದ ಯಾವ ಕ್ಯಾಮೆರಾದಲ್ಲಿ ಬಂದಿದೆ? ನಮ್ಮ ಸಾಹಿತ್ಯಕ್ಕೆ ಗೊತ್ತಿದ್ದದ್ದು ನಮ್ಮ ಸಿನಿಮಾಕ್ಕೆ ಮರೆತುಹೋಗಿದೆ. ನಮ್ಮದರಲ್ಲಿ ಸಿಪಾಯಿ ಒಂದೋ ಪೆಟ್ಟಿಗೆಯಲ್ಲಿ ಬರ್ತಾನೆ, ಇಲ್ಲದಿದ್ರೆ ಮೆಡಲ್ ಹಾಕ್ಕೊಂಡು ಬರ್ತಾನೆ. ನಿಜವಾಗಿ ಹೆಚ್ಚಿನವರು ಬರುದು ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ, ಟ್ರಂಕು ಹೊತ್ತುಕೊಂಡು, ಆಮೇಲಿನ ಮೂವತ್ತು ನಲವತ್ತು ವರ್ಷ ಅಡಿಕೆ ತೋಟ ನೋಡಿಕೊಂಡೋ ಬ್ಯಾಂಕಿನ ಬಾಗಿಲಲ್ಲಿ ಸೆಕ್ಯೂರಿಟಿ ಆಗಿಯೋ ಕಳೀತಾರೆ. ಆ ಕಥೆ ಯಾರು ಮಾಡುದು?

ಹೆಂಡತಿ, ಅಮ್ಮ ಇವರೆಲ್ಲ ಅಳ್ಲಿಕ್ಕೆ ಮಾತ್ರವಾ?

ಹೆಚ್ಚಾಗಿ ಹೌದು, ಫೋನಿನ ಆಚೆ ಬದಿಯಲ್ಲಿ. 2024ರ ತಮಿಳು 'ಅಮರನ್' ಸ್ವಲ್ಪ ಬೇರೆ, 2014ರಲ್ಲಿ ಶೋಪಿಯಾನಿನಲ್ಲಿ ಹುತಾತ್ಮರಾದ ಮೇಜರ್ ಮುಕುಂದ್ ವರದರಾಜನ್ ಅವರ ಕಥೆಯನ್ನು ಹೆಂಡತಿ ಇಂದು ರೆಬೆಕ್ಕಾ ವರ್ಗೀಸ್ ಹೇಳಿದ ಹಾಗೆ ತೋರಿಸ್ತದೆ. ಗುಂಡಿನ ಸೀನ್ ಮಾಮೂಲು. ಹೆಂಡತಿಯ ಪಾತ್ರದ ಸಾಯಿ ಪಲ್ಲವಿ ಫೋನ್ ಹಿಡ್ಕೊಂಡು ಕಾಯುವ ಸೀನ್‌ಗಳೇ ಸಿನಿಮಾವನ್ನು ಎತ್ತಿದ್ದು.

ಡ್ರೋನ್ ಯುದ್ಧದಲ್ಲಿ ಎಂತ ಫೀಲಿಂಗ್ ಇರ್ತದೆ, ವಿಡಿಯೋ ಗೇಮ್ ಹಾಗಲ್ವಾ?

ಕಾಲೇಜು ಹುಡುಗರ ಪ್ರಶ್ನೆ. 2014ರ 'ಗುಡ್ ಕಿಲ್'ನಲ್ಲಿ ಪೈಲಟ್ ಲಾಸ್ ವೇಗಾಸ್ ಹತ್ರ ಎಸಿ ಕಂಟೇನರಿನಲ್ಲಿ ಕೂತು ಸಾವಿರಾರು ಮೈಲು ದೂರದ ಅಫ್ಘಾನಿಸ್ತಾನದಲ್ಲಿ ಜನರನ್ನು ಕೊಲ್ತಾನೆ, ಶಿಫ್ಟ್ ಮುಗಿದ ಮೇಲೆ ಕಾರ್ ಓಡಿಸಿಕೊಂಡು ಮನೆಗೆ ಹೋಗ್ತಾನೆ. ಅವನ ಜೀವಕ್ಕೆ ಅಪಾಯ ಇಲ್ಲ, ಅದೇ ಅವನ ಕಾಯಿಲೆ. ಹಿಂದಿನ ಸಿಪಾಯಿಗೆ ಹಡಗಿನಲ್ಲೋ ರೈಲಿನಲ್ಲೋ ಊರಿಗೆ ಬರುವಾಗ ಮನಸ್ಸು ತಣ್ಣಗಾಗ್ಲಿಕ್ಕೆ ಸ್ವಲ್ಪ ದಿನ ಸಿಗ್ತಿತ್ತು, ಇವನಿಗೆ ಅದೂ ಇಲ್ಲ. ಮತ್ತೆ ಮೇಲೆ ಹಾರುವ ವಿಮಾನದವನಿಗೆ ಕಾಣದ್ದು ಇವನಿಗೆ ಕಾಣ್ತದೆ, ಬಾಂಬ್ ಬಿದ್ದ ಮೇಲೂ ಸ್ಕ್ರೀನ್ ಆಫ್ ಆಗುದಿಲ್ಲ, ಸತ್ತವರನ್ನು ಲೆಕ್ಕ ಹಾಕುದೂ ಇವನ ಕೆಲಸವೇ. 2015ರ 'ಐ ಇನ್ ದ ಸ್ಕೈ' ಕೂಡ ನೋಡಿ, ನೈರೋಬಿಯಲ್ಲಿ ರೊಟ್ಟಿ ಮಾರುವ ಒಂದು ಸಣ್ಣ ಹುಡುಗಿ ಗುರಿಯ ಹತ್ರ ಇದ್ದಾಳೆ ಅಂತ ಮೂರು ನಾಲ್ಕು ದೇಶದ ಆಫೀಸರುಗಳು ಒಬ್ಬರ ತಲೆ ಮೇಲೆ ಒಬ್ಬರು ಜವಾಬ್ದಾರಿ ಹಾಕ್ತಾ ಕೂರ್ತಾರೆ.

ಟಿವಿ ನ್ಯೂಸ್ ಇದಕ್ಕಿಂತ ದೊಡ್ಡ ಸಿನಿಮಾ, ಬಿಡಿ. 2025 ಮೇಯಲ್ಲಿ ಚಾನೆಲ್‌ನವರು ಸ್ಟುಡಿಯೋದಿಂದಲೇ ಸೈರನ್ ಬಾರಿಸಿ ಬಾರಿಸಿ, ಕೊನೆಗೆ ವಾಯುದಾಳಿಯ ಸೈರನ್ ಶಬ್ದವನ್ನು ಕಾರ್ಯಕ್ರಮಗಳಲ್ಲಿ ಹಾಕ್ಬೇಡಿ ಅಂತ ಸರಕಾರವೇ ಹೇಳ್ಬೇಕಾಯ್ತು.

ಯುದ್ಧ ಬೇಡ ಅಂತ ಮಾಡಿದ ಸಿನಿಮಾ ನೋಡುವಾಗಲೂ ಮೈ ಜುಂ ಅನ್ನುದು ಯಾಕೆ?

ಇದಕ್ಕೆ ಉತ್ತರ 'ಜಾರ್‌ಹೆಡ್'ನ ಒಳಗೇ ಉಂಟು. ಯುದ್ಧಕ್ಕೆ ಹೋಗುವ ಮೊದಲು ಆ ಹುಡುಗರು ಥಿಯೇಟರಿನಲ್ಲಿ ಕೂತು 1979ರ 'ಅಪೋಕಲಿಪ್ಸ್ ನೌ' ನೋಡ್ತಾರೆ, ಹೆಲಿಕಾಪ್ಟರುಗಳು ವಾಗ್ನರ್ ಸಂಗೀತ ಹಾಕಿಕೊಂಡು ಹಳ್ಳಿಯ ಮೇಲೆ ದಾಳಿ ಮಾಡುವ ಸೀನಿಗೆ ಕಿರುಚಿ ಕುಣೀತಾರೆ. ಯುದ್ಧದ ಹುಚ್ಚುತನ ತೋರಿಸ್ಲಿಕ್ಕೆ ಮಾಡಿದ ಸೀನ್ ಅದು.

ನಾವೇನು ಬೇರೆಯಾ? ಯಕ್ಷಗಾನದ ಪಾರ್ತಿಸುಬ್ಬನ ಊರಿನವರು ನಾವು, ಅಭಿಮನ್ಯು ಕಾಳಗದ ಆಟ ನೋಡಿ ಬೆಳೆದವರು. ಪ್ರಾಯದ ಹುಡುಗ ಸಾಯ್ಲಿಕ್ಕೆ ಅಂತಲೇ ಹೋಗುದು ಅಂತ ಗೊತ್ತಿದ್ದೂ ಚೆಂಡೆ ಏರಿದಾಗ, ಅವ ದಿಗಿಣ ಹಾಕುವಾಗ ಸಿಳ್ಳೆ ಹೊಡೀತೇವೆ. ಒಂದೇ ವ್ಯತ್ಯಾಸ, ಆಟದಲ್ಲಿ ಅದೇ ಅಭಿಮನ್ಯು ಮೊದಲು ಸುಭದ್ರೆಯ ಎದುರು ನಿಂತು ಹೊರಡ್ಲಿಕ್ಕೆ ಅಪ್ಪಣೆ ಕೇಳ್ತಾನೆ, ಆ ತಾಯಿ ತಡೆಯುದನ್ನು ಪುರುಸೊತ್ತಿನಲ್ಲಿ ಆಡಿ ತೋರಿಸ್ತಾರೆ, ಯಾರಿಗೂ ಅರ್ಜೆಂಟ್ ಇರುದಿಲ್ಲ. ಸಿನಿಮಾದಲ್ಲಿ ಅದಕ್ಕೆ ಎರಡು ನಿಮಿಷ.

ಸೈನ್ಯದ ಪರ್ಮಿಷನ್ ತೆಗೆದುಕೊಂಡು ಮಾಡುವ ಸಿನಿಮಾದಲ್ಲಿ ನಿಜ ಎಷ್ಟು ಬರ್ತದೆ?

ಟ್ಯಾಂಕು, ವಿಮಾನ, ಜಾಗ ಎಲ್ಲ ಅವರದ್ದೇ ಬೇಕಾದ್ರೆ ಸ್ಕ್ರಿಪ್ಟ್ ಅವರಿಗೆ ತೋರಿಸ್ಲೇಬೇಕು, ಎಲ್ಲ ದೇಶದಲ್ಲೂ ಹಾಗೆಯೇ. 'ಅಪೋಕಲಿಪ್ಸ್ ನೌ'ಗೆ ಅಮೆರಿಕದ ಸೈನ್ಯ ಸಹಾಯ ಕೊಡ್ಲಿಲ್ಲ, ಫಿಲಿಪ್ಪೀನ್ಸ್ ಸರಕಾರದ ಹೆಲಿಕಾಪ್ಟರ್ ಬಾಡಿಗೆಗೆ ತಂದ್ರು, ಅದನ್ನೂ ಶೂಟಿಂಗ್ ಮಧ್ಯೆ ನಿಜವಾದ ಬಂಡುಕೋರರ ಜತೆ ಯುದ್ಧ ಮಾಡ್ಲಿಕ್ಕೆ ಅಂತ ವಾಪಸ್ ಕರೆಸಿಕೊಳ್ತಿದ್ರು. ನಮ್ಮಲ್ಲಿ 2020ರಲ್ಲಿ ರಕ್ಷಣಾ ಸಚಿವಾಲಯ ಸೆನ್ಸಾರ್ ಬೋರ್ಡಿಗೆ ಕಾಗದ ಬರೆದು, ಸೈನ್ಯದ ಬಗ್ಗೆ ಮಾಡುವ ಸಿನಿಮಾ, ಸೀರೀಸುಗಳಿಗೆ ಮೊದಲು ತಮ್ಮ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ತೆಗೀಬೇಕು ಅಂತ ಹೇಳಿತು. ಡ್ರೆಸ್ಸು, ರ‍್ಯಾಂಕು ತಪ್ಪಿಲ್ಲದೆ ಬರ್ತದೆ, ಅದು ಲಾಭ. ಹೆದರಿದ ಸಿಪಾಯಿ, ತಪ್ಪು ಮಾಡಿದ ಆಫೀಸರ್ ಸ್ಕ್ರಿಪ್ಟಿನಲ್ಲಿ ಉಳಿಯುದು ಕಷ್ಟ.

ಮನೆಯಲ್ಲಿ ಎಕ್ಸ್ ಮಿಲಿಟ್ರಿಯವರು ಇದ್ದಾರೆ, ಅವರೊಟ್ಟಿಗೆ ನೋಡಬಹುದಾ?

ಅವರನ್ನೇ ಕೇಳಿ, ಬೇಡ ಅಂದ್ರೆ ಯಾಕೆ ಅಂತ ಕೇಳ್ಬೇಡಿ. 'ಪ್ರೈವೇಟ್ ರಯಾನ್' ಬಂದಾಗ ಅಮೆರಿಕದಲ್ಲಿ ಮಾಜಿ ಸೈನಿಕರ ಇಲಾಖೆ, ನೋಡಿ ಮನಸ್ಸು ಕೆಟ್ಟವರಿಗೆ ಫೋನ್ ಮಾಡ್ಲಿಕ್ಕೆ ಅಂತ ಒಂದು ನಂಬರ್ ಇಟ್ಟಿತ್ತು. ಐವತ್ತು ವರ್ಷದ ಹಿಂದಿನ ಯುದ್ಧ, ಆದ್ರೂ. ಕೆಲವರು ಜೋರು ನಗ್ತಾರೆ, ಬಂದೂಕು ಹಿಡಿದ ರೀತಿ ತಪ್ಪು, ಗ್ರೆನೇಡಿಗೆ ಇಷ್ಟು ಬೆಂಕಿ ಬರುದಿಲ್ಲ ಅಂತ ಕಾಮೆಂಟ್ರಿ ಕೊಡ್ತಾರೆ, ಅದು ಭಾರೀ ಮಜಾ, ಕೇಳಿಸಿಕೊಳ್ಳಿ. ಕೆಲವರು ಮಧ್ಯದಲ್ಲಿ ಎದ್ದು ಹೊರಗೆ ಹೋಗ್ತಾರೆ, ಹಿಂದೆ ಹೋಗಿ ಎಂತ ಆಯ್ತು ಅಂತ ಎಲ್ಲರ ಎದುರು ಕೇಳ್ಬೇಡಿ. ಎಷ್ಟು ಜನರನ್ನು ಕೊಂದಿದ್ದೀರಿ ಅನ್ನುವ ಪ್ರಶ್ನೆ ಅಂತೂ ಮಕ್ಕಳ ಬಾಯಲ್ಲೂ ಬರ್ಬಾರ್ದು. ನಿದ್ದೆ ಇಲ್ಲ, ಶಬ್ದಕ್ಕೆ ಬೆಚ್ಚಿಬೀಳ್ತಾರೆ, ಕುಡಿಯುದು ಹೆಚ್ಚಾಗಿದೆ ಅಂತ ಮೊದಲಿನಿಂದಲೇ ಇದ್ರೆ ಸಿನಿಮಾ ಬಿಟ್ಟು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ಗೆ ಫೋನ್ ಮಾಡಿ, 14416, ಫ್ರೀ, ಕನ್ನಡ ಮಲಯಾಳಂ ಎರಡರಲ್ಲೂ ಮಾತಾಡಬಹುದು.

ಮಕ್ಕಳಿಗೆ ತೋರಿಸಬಹುದಾ?

'ಕಮ್ ಆಂಡ್ ಸೀ' ಖಂಡಿತ ಬೇಡ. ಉಳಿದದ್ದಕ್ಕೆ ಸರ್ಟಿಫಿಕೇಟ್ ನೋಡಿ, ಈಗ ಯುಎ 7, 13, 16 ಅಂತ ಪ್ರಾಯ ಹಾಕಿಯೇ ಕೊಡ್ತಾರೆ.

ಯಾವುದರಿಂದ ಶುರು ಮಾಡುದು? ಸಬ್‌ಟೈಟಲ್ ಎಲ್ಲಿ ಸಿಗ್ತದೆ?

ಮೊದಲು 'ಹರ್ಟ್ ಲಾಕರ್', ಯಾಕೆಂದ್ರೆ ಟೆನ್ಷನ್ ಉಂಟು, ಬೋರ್ ಆಗುದಿಲ್ಲ. ಅದು ಹಿಡಿಸಿದ್ರೆ 'ಜಾರ್‌ಹೆಡ್', ಆಮೇಲೆ 'ರೆಸ್ಟ್ರೆಪೋ'. 'ಹಕೀಕತ್' ಅಪ್ಪ ಅಮ್ಮನ ಒಟ್ಟಿಗೆ ಕೂತು ನೋಡಿ, ಹಾಡಿನ ನೆನಪು ಅವರಿಗೆ ಇರ್ತದೆ. 'ವಾಲ್ಟ್ಸ್ ವಿತ್ ಬಶೀರ್' ಕೊನೆಗೆ ಇಡಿ. ಕನ್ನಡ ಸಬ್‌ಟೈಟಲ್ ಇಂಥದ್ದಕ್ಕೆಲ್ಲ ಸಿಗುದು ಕಷ್ಟ, ಮಲಯಾಳಂ ಓದ್ಲಿಕ್ಕೆ ಬರ್ತದಾದ್ರೆ ಎಂಸೋನ್ ಅನ್ನುವ ಸಬ್‌ಟೈಟಲ್ ಗುಂಪಿನವರು ಪ್ರಪಂಚದ ಸಿನಿಮಾಗಳಿಗೆ ಪುಕ್ಕಟೆ ಸಬ್‌ಟೈಟಲ್ ಮಾಡಿ ಹಾಕ್ತಾರೆ, ಅಲ್ಲಿ ಹುಡುಕಿ ನೋಡಿ. ಮತ್ತೆ ದಯವಿಟ್ಟು ಮೊಬೈಲಿನ ಸ್ಪೀಕರಿನಲ್ಲಿ ನೋಡ್ಬೇಡಿ, ಒಳ್ಳೇ ಇಯರ್‌ಫೋನ್ ಆದ್ರೂ ಹಾಕಿ, ಈ ಸಿನಿಮಾಗಳ ಅರ್ಧ ಕಥೆ ಶಬ್ದದಲ್ಲೇ ಇರುದು.